ಶಾಲೆಗಳಲ್ಲಿ ತೌಲನಿಕ ಪ್ರಬಂಧ: ಬಭ್ರುವಾಹನನ ಕಥೆಯ ನಿದರ್ಶನ

ಪ್ರೌಢಶಾಲೆಯ ಮೇಲಣ ತರಗತಿಗಳಲ್ಲಿ ಎರಡು ಕಾವ್ಯಭಾಗಗಳನ್ನು ಹೋಲಿಸಿ ಪ್ರಬಂಧವನ್ನು ಬರೆಯಿರೆಂದು ವಿದ್ಯಾರ್ಥಿಗಳಿಗೆ ವಿಧಿಸುವ ಪದ್ಧತಿಯುಂಟು. ಹಾಗೆ ಬರೆದು ತರುವ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕಗೊಂಡಂಥವು. ಪೂರ್ವಾರ್ಧದಲ್ಲಿ ಒಂದು ಕಥೆಯ ಸಾರಾಂಶ, ಉತ್ತರಾರ್ಧದಲ್ಲಿ ಇನ್ನೊಂದರ ಸಾರಾಂಶ, ಕಡೆಗೆ ಇಬ್ಬರೂ ಮಹಾಕವಿಗಳೆಂಬ ನಮಸ್ಕಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯಂತೆ, ಒಂದೇ ನೊಗಕ್ಕೆ ಕಟ್ಟಿದ ಎರಡು ಕಥೆಗಳು ತಮ್ಮ ತಮ್ಮ ದಾರಿಯನ್ನು ಹಿಡಿಯುತ್ತವೆ. ಇದು ಮಕ್ಕಳ ಬುದ್ಧಿಮಾಂದ್ಯದ ಫಲವಲ್ಲ. ಬರೆಯುವುದಕ್ಕೆ ಮೊದಲು ಏನನ್ನು ಯೋಚಿಸಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇದೇನು ಅಷ್ಟು ದೊಡ್ಡ ವಿಷಯವೆಂದು ಕೆಲವರು ಕೇಳಬಹುದು. ದೊಡ್ಡದೇ ಸರಿ. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಬಹುಭಾಗವು ಹಿಂದೆ ಹೇಳಿದ್ದ ಕಥೆಯನ್ನು ಮರಳಿ ಹೇಳಿದುದು. ಪಂಪ, ರನ್ನ, ಕುಮಾರವ್ಯಾಸ, ಲಕ್ಷ್ಮೀಶ, ಇವರಲ್ಲಿ ಯಾರ ಸ್ವಂತಿಕೆಯನ್ನು ತಿಳಿಯಬೇಕಾದರೂ ಮೂಲದ ಪಕ್ಕದಲ್ಲಿ ಅವರನ್ನು ನಿಲ್ಲಿಸಿ ನೋಡಲೇಬೇಕು, ಬೇರೆ ಅಳತೆಗೋಲಿಲ್ಲ. ಹೋಲಿಸುವ ಕ್ರಮವನ್ನು ಅರಿಯದ ವಿದ್ಯಾರ್ಥಿಯು ಮುಂದೆ ಉಪಾಧ್ಯಾಯನಾದಾಗ, ಕನ್ನಡ ಕವಿಯನ್ನು ಸಂಸ್ಕೃತದ ಬರಿಯ ಭಾಷಾಂತರಕಾರನೆಂದು ತಳ್ಳಿಬಿಡುತ್ತಾನೆ; ಇಲ್ಲವೇ ಕವಿಯು ಮಾಡದ ಮಾರ್ಪಾಡುಗಳಿಗಾಗಿ ಅವನನ್ನು ಕೊಂಡಾಡುತ್ತಾನೆ. ಎರಡೂ ಕವಿಗೆ ಮಾಡುವ ಅನ್ಯಾಯವೇ.

ಹೋಲಿಕೆಯ ಶಾಸ್ತ್ರವು ನಮಗೆ ಹೊಸದಲ್ಲ. ಆಲಂಕಾರಿಕರು ಉಪಮೆಗೆ ನಾಲ್ಕು ಅಂಗಗಳನ್ನು ಹೇಳಿದರು: ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕ. ಮಮ್ಮಟನು ಉಪಮೆಯನ್ನು ಲಕ್ಷಣಿಸುವಾಗ ಭೇದವಿದ್ದೆಡೆಯಲ್ಲಿ ತೋರುವ ಸಾಧರ್ಮ್ಯವನ್ನೇ ಮುಖ್ಯವಾಗಿ ಹಿಡಿದಿದ್ದಾನೆ. ಭೇದವೇ ಇಲ್ಲದಿದ್ದರೆ ಅದು ಅನನ್ವಯ. ಸಾಧರ್ಮ್ಯವೇ ಇಲ್ಲದಿದ್ದರೆ ಹೋಲಿಕೆಯೇ ಹುಟ್ಟದು. ಸಾಧರ್ಮ್ಯವನ್ನು ಮೊದಲು ನಿಲ್ಲಿಸಿ, ಅನಂತರ ಒಂದರ ವೈಶಿಷ್ಟ್ಯವನ್ನು ಎತ್ತಿ ತೋರುವುದು ವ್ಯತಿರೇಕ. ಶಾಲೆಯ ತೌಲನಿಕ ಪ್ರಬಂಧಕ್ಕೆ ಇದಕ್ಕಿಂತ ಹೆಚ್ಚಿನ ಸೂತ್ರ ಬೇಕಿಲ್ಲ. ವಿದ್ಯಾರ್ಥಿಯು ಉಪಮೇಯ ಉಪಮಾನಗಳನ್ನು ಆರಿಸಿಕೊಂಡ ಮಾತ್ರಕ್ಕೆ ಕೆಲಸವಾಯಿತೆಂದು ತಿಳಿಯುತ್ತಾನೆ. ಸಾಧಾರಣಧರ್ಮ ಯಾವುದೆಂದು ಕೇಳಿದರೆ ಮೌನ. ಆ ಒಂದು ಅಂಗವನ್ನು ಹುಡುಕುವುದೇ ಪ್ರಬಂಧದ ಪೂರ್ವಸಿದ್ಧತೆಯ ಮುಕ್ಕಾಲು ಪಾಲು.

ಅಜ್ಜಂಪುರದ ಕಡೆಯ ಬುಕ್ಕಾಂಬುಧಿಯ ಹುಡುಗನಿಗೆ ಇದನ್ನು ವಿವರಿಸಲು ಅವನ ಊರಿನ ಹೆಸರೇ ಸಾಕು. ಅಂಬುಧಿಯೆಂದರೆ ಕಡಲು. ಕೆರೆಗೆ ಕಡಲಿನ ಹೆಸರನ್ನಿಟ್ಟವರು ಎರಡಕ್ಕೂ ಸಮಾನವಾದ ಯಾವುದೋ ಒಂದು ಧರ್ಮವನ್ನು ಕಂಡಿದ್ದರು: ನೀರಿನ ಹರವನ್ನೇ ಹೊರತು ಉಪ್ಪನ್ನಲ್ಲ. ಹೋಲಿಕೆಯೆಂದರೆ ಎಲ್ಲವನ್ನೂ ಎಲ್ಲದಕ್ಕೂ ಸಮೀಕರಿಸುವುದಲ್ಲವೆಂಬುದು ಅವನಿಗೆ ಅಷ್ಟರಿಂದಲೇ ತಿಳಿಯುತ್ತದೆ.

ಇನ್ನು ನಿದರ್ಶನಕ್ಕೂ ಆ ಸೀಮೆಯಿಂದ ದೂರ ಹೋಗಬೇಕಾದುದಿಲ್ಲ. ನೆರೆಯ ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರೆಂದು ಬಹುಮಂದಿ ವಿದ್ವಾಂಸರು ಒಪ್ಪಿರುತ್ತಾರೆ. ಉಪಮಾಲೋಲನೆಂದು ಬಿರುದು ಪಡೆದ ಆ ಕವಿಯ ಜೈಮಿನಿಭಾರತವು ವಾರ್ಧಕಷಟ್ಪದಿಯ ಮೂವತ್ತನಾಲ್ಕು ಸಂಧಿಗಳ ಕಾವ್ಯ. ಓದುಬಲ್ಲವರೂ ಬಾರದವರೂ ಕೂಡಿ ಕುಳಿತು ಕೇಳುತ್ತಿದ್ದ ಕಾವ್ಯ. ಅದರಲ್ಲಿ ಬಭ್ರುವಾಹನನ ಕಥೆಯನ್ನು ಆರಿಸಿಕೊಳ್ಳೋಣ. ವ್ಯಾಸಭಾರತದ ಆಶ್ವಮೇಧಿಕಪರ್ವದಲ್ಲಿಯೂ ಈ ಕಥೆಯಿದೆ.

ವ್ಯಾಸರಲ್ಲಿ ಕಥೆ ಹೀಗೆ ನಡೆಯುತ್ತದೆ. ಕುದುರೆಯ ಹಿಂದೆ ಬಂದ ಅರ್ಜುನನನ್ನು ಮಣಿಪುರದ ಅರಸನಾದ ಮಗನು ಬ್ರಾಹ್ಮಣರನ್ನೂ ಧನವನ್ನೂ ಮುಂದಿಟ್ಟುಕೊಂಡು ವಿನಯದಿಂದ ಎದುರುಗೊಳ್ಳುತ್ತಾನೆ. ಅರ್ಜುನನಿಗೆ ಇದು ಒಪ್ಪುವುದಿಲ್ಲ. ಯುದ್ಧಕ್ಕೆಂದು ಬಂದವನನ್ನು ಹೀಗೆ ಬರಮಾಡಿಕೊಳ್ಳುವುದು ಕ್ಷತ್ರಿಯಧರ್ಮವಲ್ಲವೆಂದು ಅವನು ಗದರಿಸುತ್ತಾನೆ. ಆಗ ಉಲೂಪಿಯು ನೆಲವನ್ನು ಸೀಳಿಕೊಂಡು ಬಂದು ಹುಡುಗನನ್ನು ಹುರಿದುಂಬಿಸುತ್ತಾಳೆ, ಯುದ್ಧವಾಗುತ್ತದೆ, ತಂದೆ ಬೀಳುತ್ತಾನೆ. ಉಲೂಪಿಯ ಮಣಿಯಿಂದ ಅವನು ಮತ್ತೆ ಎದ್ದ ಮೇಲೆ ಕಾರಣವು ಹೊರಬೀಳುತ್ತದೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡಹಿದುದಕ್ಕಾಗಿ ವಸುಗಳು ಕೊಟ್ಟ ಶಾಪವು ಮಗನ ಕೈಯಿಂದಲೇ ತೀರಬೇಕಾಗಿತ್ತು. ಇಲ್ಲಿ ತಂದೆಗೂ ಮಗನಿಗೂ ಒಬ್ಬರನ್ನೊಬ್ಬರು ಅರಿಯುವುದರಲ್ಲಿ ಯಾವ ಸಂಶಯವೂ ಇಲ್ಲ.

ಜೈಮಿನಿಯ ಕಥೆಯಲ್ಲಿ ಮಗನು ಕುದುರೆಯನ್ನು ಕಟ್ಟಿದ ಮೇಲೆ, ಅದು ತಂದೆಯದೆಂದು ತಾಯಿಯಿಂದ ತಿಳಿದು, ಕಾಣಿಕೆಗಳೊಡನೆ ಅದನ್ನು ಒಪ್ಪಿಸಲು ಬರುತ್ತಾನೆ. ಅರ್ಜುನನು ಇವನು ತನ್ನ ಮಗನೇ ಅಲ್ಲವೆಂದು, ಚಿತ್ರಾಂಗದೆಯ ಶೀಲಕ್ಕೆ ತಾಗುವಂತೆ ನುಡಿದು, ಎರಗಿದವನನ್ನು ಕಾಲಿನಿಂದ ಒದೆಯುತ್ತಾನೆ. ಅಲ್ಲಿಂದ ಮುಂದಿನ ಯುದ್ಧದಲ್ಲಿ ಮಗನಿಗೆ ಬೇರೆ ಯಾರ ಪ್ರೇರಣೆಯೂ ಬೇಕಾಗುವುದಿಲ್ಲ. ಭೀಷ್ಮವಧೆಯ ಶಾಪವು ಇಲ್ಲಿಯೂ ಉಂಟು. ಜ್ವಾಲೆಯೆಂಬವಳು ಗಂಗೆಯ ಕೋಪವನ್ನು ಕೆರಳಿಸಿ, ತಾನೇ ಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರುವ ವೃತ್ತಾಂತವೂ ಉಂಟು. ಆದರೆ ಓದುಗನ ಮನಸ್ಸು ಶಾಪದಲ್ಲಿಲ್ಲ. ಅದು ಆ ಒದೆತದಲ್ಲಿಯೇ ನಿಂತಿರುತ್ತದೆ.

ಇಲ್ಲಿ ಕಥಾಕಾರನು ಒಂದು ವಿಶೇಷವನ್ನು ಮಾಡಿದ್ದಾನೆ. ತಂದೆಮಕ್ಕಳ ಈ ಕಾಳಗವು ರಾಮನಿಗೂ ಕುಶಲವರಿಗೂ ನಡೆದ ಕಾಳಗದಂತಿತ್ತೆಂದು ಜೈಮಿನಿಯಿಂದ ಹೇಳಿಸಿ, ಅದೇನೆಂದು ಜನಮೇಜಯನಿಂದ ಕೇಳಿಸಿ, ಸೀತಾಪರಿತ್ಯಾಗದಿಂದ ಮೊದಲುಮಾಡಿ ಇಡೀ ಕುಶಲವೋಪಾಖ್ಯಾನವನ್ನು ಬಭ್ರುವಾಹನನ ಕಥೆಯೊಳಗೇ ಇರಿಸಿದ್ದಾನೆ. ಎಂದರೆ, ತೌಲನಿಕ ಪ್ರಬಂಧದ ವಸ್ತುವನ್ನು ಕಾವ್ಯವೇ ನಮ್ಮ ಕೈಗೆ ಕೊಟ್ಟಿದೆ. ಸಾಧಾರಣಧರ್ಮವನ್ನು ಕಂಡುಕೊಳ್ಳುವ ಕೆಲಸವನ್ನು ಮಾತ್ರ ಓದುಗನಿಗೆ ಬಿಟ್ಟಿದೆ.

ಆ ಸಾಧಾರಣಧರ್ಮವಾವುದು? ಮಗನು ತಂದೆಯನ್ನು ಗೆದ್ದನೆಂಬುದೆಂದು ಎಲ್ಲ ವಿದ್ಯಾರ್ಥಿಗಳೂ ಬರೆಯುವರು. ಅಷ್ಟೇ ಆಗಿದ್ದರೆ ಸೀತೆಯ ಕಥೆಯನ್ನು ಅಗಸನ ಮಾತಿನಿಂದ ಪ್ರಾರಂಭಿಸಿ ಅಷ್ಟು ವಿಸ್ತಾರವಾಗಿ ಹೇಳುವ ಅಗತ್ಯವಿರಲಿಲ್ಲ. ಕಾಳಗವನ್ನು ಮಾತ್ರ ಹೇಳಿ ಮುಗಿಸಬಹುದಾಗಿತ್ತು. ನಮ್ಮ ಎಣಿಕೆಯಲ್ಲಿ ಎರಡು ಕಥೆಗಳನ್ನೂ ಹೆಣೆಯುವ ನೂಲು ತಾಯಿಗೆ ಬಂದ ಅಪವಾದ. ಚಿತ್ರಾಂಗದೆಯ ಮೇಲೆ ಅಪವಾದವನ್ನು ಹೊರಿಸುವವನು ಗಂಡನೇ. ಸೀತೆಯ ಮೇಲೆ ಹೊರಿಸುವವರು ಊರಿನವರು, ಅದಕ್ಕೆ ತಲೆಬಾಗುವವನು ಗಂಡ. ಎರಡರಲ್ಲಿಯೂ ಉತ್ತರ ಹೇಳುವವರು ಹೊಟ್ಟೆಯ ಮಕ್ಕಳು, ಅದೂ ಬಾಣಗಳಿಂದ. ವ್ಯಾಸರ ಬಭ್ರುವಾಹನೋಪಾಖ್ಯಾನದಲ್ಲಿ ಈ ಅಪವಾದವಿಲ್ಲ. ಆದುದರಿಂದ ಅಲ್ಲಿ ಕುಶಲವರ ಕಥೆಯನ್ನು ಇರಿಸಿದರೂ ಅದು ಅಂಟುತ್ತಿರಲಿಲ್ಲ. ಇಷ್ಟನ್ನು ಕಂಡ ವಿದ್ಯಾರ್ಥಿಯ ಪ್ರಬಂಧವು ಆಗಲೇ ಅರ್ಧ ಬರೆದಂತೆ.

ಸಾಧರ್ಮ್ಯವು ನಿಂತಮೇಲೆ ವ್ಯತಿರೇಕ. ಇಲ್ಲಿ ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಎಲ್ಲ ಕಥೆಗಳಿಗೂ ಅದನ್ನೇ ಕೇಳಬೇಕು: ಯಾರು ಯಾರನ್ನು ಅರಿತಿದ್ದರು? ವ್ಯಾಸರಲ್ಲಿ ಇಬ್ಬರೂ ಅರಿತಿದ್ದಾರೆ. ಜೈಮಿನಿಯ ಬಭ್ರುವಾಹನನು ತಂದೆಯನ್ನು ಅರಿತಿದ್ದಾನೆ, ತಂದೆಯೇ ಮಗನನ್ನು ಒಲ್ಲೆನೆನ್ನುತ್ತಾನೆ. ಕುಶಲವರು ತಂದೆಯನ್ನು ಅರಿಯದೆಯೇ ಕಾದುತ್ತಾರೆ. ಭವಭೂತಿಯ ಉತ್ತರರಾಮಚರಿತದಲ್ಲಿ ಲವನು ಕಾದುವುದು ಲಕ್ಷ್ಮಣನ ಮಗನಾದ ಚಂದ್ರಕೇತುವಿನೊಡನೆ. ರಾಮನು ಬಂದೊಡನೆ ಯುದ್ಧವು ನಿಲ್ಲುತ್ತದೆ, ಕಾರಣ ತಿಳಿಯದ ವಾತ್ಸಲ್ಯವೊಂದು ಅವನಲ್ಲಿ ಏಳುತ್ತದೆ. ವಾಲ್ಮೀಕಿಯ ಉತ್ತರಕಾಂಡದಲ್ಲಂತೂ ಯುದ್ಧವೇ ಇಲ್ಲ, ಗಾನವಿದೆ: ಮಕ್ಕಳು ತಂದೆಯ ಮುಂದೆ ಅವನ ಚರಿತೆಯನ್ನೇ ಹಾಡುತ್ತಾರೆ. ಗ್ರೀಕರ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಬಂಧುಗಳ ನಡುವಣ ಘಾತವನ್ನು ವಿಚಾರಿಸುವಾಗ, ಅದು ಅರಿತು ನಡೆದುದೋ ಅರಿಯದೆ ನಡೆದುದೋ ಎಂಬುದನ್ನೇ ಮುಖ್ಯವಾಗಿಟ್ಟುಕೊಂಡನು. 1010ರಲ್ಲಿ ಮುಗಿದ ಫಿರ್ದೌಸಿಯ ಷಾನಾಮೆಯಲ್ಲಿ ತಂದೆಯನ್ನು ಹುಡುಕಿಕೊಂಡು ಹೊರಟ ಸೊಹ್ರಾಬನು, ಹೆಸರನ್ನು ಮರೆಸಿದ ತಂದೆ ರುಸ್ತುಮನ ಕೈಯಿಂದಲೇ ಸಾಯುತ್ತಾನೆ. ಅಲ್ಲಿ ಬದುಕಿಸುವ ಮಣಿಯಿಲ್ಲ. ನಮ್ಮ ಕಥೆಗಳಲ್ಲಿ ಬಿದ್ದವರು ಏಳುತ್ತಾರೆಂಬುದನ್ನು ವಿದ್ಯಾರ್ಥಿಯು ಗಮನಿಸಿದರೆ ಒಳ್ಳೆಯದು; ಆದರೆ ಪಾರಸೀಕರು ಕ್ರೂರಿಗಳು, ನಾವು ಕರುಣಾಳುಗಳು ಎಂಬಂಥ ತೀರ್ಪಿಗೆ ಅವನನ್ನು ಬಿಡಬಾರದು. ಹತ್ತು ಸಾಲಿನ ಆಧಾರದ ಮೇಲೆ ಒಂದು ಜನಾಂಗವನ್ನು ತೂಗುವುದು ಸಾಹಿತ್ಯವಿಮರ್ಶೆಯಲ್ಲ.

ಹಾಗೆಂದು ಈ ಐದನ್ನೂ ಒಂದೇ ಪ್ರಬಂಧದಲ್ಲಿ ತುಂಬಬೇಕೆಂದಲ್ಲ. ಶಾಲೆಯ ಪ್ರಬಂಧಕ್ಕೆ ಎರಡು ಸಾಕು, ಜಾಣನಾದವನಿಗೆ ಮೂರು.

ಈಗ ಬಹು ಎಚ್ಚರದಿಂದಿರಬೇಕಾದ ಸ್ಥಳ. ವ್ಯಾಸರನ್ನೂ ಲಕ್ಷ್ಮೀಶನನ್ನೂ ಇಟ್ಟುಕೊಂಡು ಹೋಲಿಸುವ ವಿದ್ಯಾರ್ಥಿಯು, ಒದೆತವನ್ನೂ ಜ್ವಾಲೆಯನ್ನೂ ಕುಶಲವರ ಕಾಳಗವನ್ನೂ ಲಕ್ಷ್ಮೀಶನೇ ಕಲ್ಪಿಸಿದನೆಂದು ಬರೆದುಬಿಡುತ್ತಾನೆ. ಉಪಾಧ್ಯಾಯರೂ ಅದಕ್ಕೆ ಒಪ್ಪಿಗೆಯ ಗುರುತು ಹಾಕುವುದುಂಟು. ಆದರೆ ಲಕ್ಷ್ಮೀಶನ ಕಣ್ಣಮುಂದಿದ್ದುದು ಜೈಮಿನಿಯ ಹೆಸರಿನ ಸಂಸ್ಕೃತದ ಅಶ್ವಮೇಧಪರ್ವ. ಕಥೆಯ ಈ ತಿರುವುಗಳು ಅಲ್ಲಿಯೇ ಇವೆ. ಮೀಮಾಂಸಕರು ತಾತ್ಪರ್ಯನಿರ್ಣಯಕ್ಕೆ ಹೇಳಿದ ಲಿಂಗಗಳಲ್ಲಿ ಅಪೂರ್ವತೆಯೂ ಒಂದು. ಯಾವುದು ಅಪೂರ್ವವೆಂದು ಹೇಳಬೇಕಾದರೆ ಪೂರ್ವವು ಯಾವುದೆಂದು ತಿಳಿದಿರಬೇಕು. ಸಂಸ್ಕೃತ ಜೈಮಿನಿಯನ್ನು ಮಕ್ಕಳು ಓದಲಾರರು. ಉಪಾಧ್ಯಾಯರು ಓದಿ, ಆ ಸಂದರ್ಭದ ಸಾರವನ್ನು ಅರ್ಧ ಪುಟದಲ್ಲಿ ಹಲಗೆಯ ಮೇಲೆ ಬರೆದರೆ ಸಾಕು. ಆಗ ಲಕ್ಷ್ಮೀಶನ ನಿಜವಾದ ಗೆಲವು ಕಥೆಯ ತಿರುವಿನಲ್ಲಿಲ್ಲವೆಂಬುದು ಕಾಣುತ್ತದೆ. ಕಾಡಿನಲ್ಲಿ ಒಬ್ಬಳೇ ಉಳಿದ ಸೀತೆಯು ರಾಮನಲ್ಲಿ ತಪ್ಪನ್ನು ಹುಡುಕದೆ ತನ್ನ ಕರ್ಮವನ್ನೇ ಹಳಿದುಕೊಳ್ಳುವ ಪದ್ಯಗಳನ್ನು ರಘುವಂಶದ ಹದಿನಾಲ್ಕನೆಯ ಸರ್ಗದ ಪಕ್ಕದಲ್ಲಿಟ್ಟು ನೋಡಬೇಕು. ಕಾಳಿದಾಸನ ಸೀತೆಯೂ ತನ್ನ ಪಾಪವನ್ನೇ ನೆನೆಯುತ್ತಾಳೆ. ಆದರೆ ಲಕ್ಷ್ಮಣನ ಕೈಯಲ್ಲಿ ಸಂದೇಶವನ್ನು ಕಳುಹಿಸುವಾಗ ಗಂಡನನ್ನು ‘ಆ ರಾಜ’ನೆನ್ನುತ್ತಾಳೆ, ಆ ಒಂದು ಪದವೇ ಚುಚ್ಚುತ್ತದೆ. ಲಕ್ಷ್ಮೀಶನ ಸೀತೆಯಲ್ಲಿ ಚುಚ್ಚುವ ಮಾತಿಗಿಂತ ನೀಳವಾದ ಅಳಲು ಹೆಚ್ಚು. ವಾರ್ಧಕದ ಲಯವೂ ಅದಕ್ಕೆ ಒದಗಿಬರುತ್ತದೆ. ಯಾವುದು ಮೇಲೆಂದು ನಮ್ಮನ್ನು ಕೇಳಿದರೆ, ಆ ಒಂದು ಪದಕ್ಕಾಗಿ ಕಾಳಿದಾಸನೆನ್ನುವೆವು; ಗಟ್ಟಿಯಾಗಿ ಓದಿ ಕೇಳುವವರ ಕಣ್ಣಲ್ಲಿ ನೀರು ತರಿಸುವುದಕ್ಕೆ ಲಕ್ಷ್ಮೀಶ.

ಇಂಥದೇ ಇನ್ನೆರಡು ಮುಗ್ಗರಿಕೆಗಳುಂಟು. ಕುಮಾರವ್ಯಾಸನಲ್ಲಿ ಬಭ್ರುವಾಹನನು ಹೇಗಿದ್ದಾನೆಂದು ಪ್ರಶ್ನೆ ಹಾಕುವವರಿದ್ದಾರೆ. ಗದುಗಿನ ಭಾರತವು ಹತ್ತು ಪರ್ವಗಳಿಗೆ ನಿಲ್ಲುತ್ತದೆ. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಹೇಳಿದನು. ಎರಡನೆಯದು, ಚಲನಚಿತ್ರ. 1977ರ ‘ಬಭ್ರುವಾಹನ’ದಲ್ಲಿ ರಾಜಕುಮಾರ್ ಅವರು ತಂದೆ ಮಗ ಎರಡು ಪಾತ್ರಗಳನ್ನೂ ಧರಿಸಿದರು, ಅದರ ಮಾತುಗಳು ನಾಡಿನ ಮಕ್ಕಳಿಗೆ ಇಂದಿಗೂ ಬಾಯಿಪಾಠ. ಅವು ಲಕ್ಷ್ಮೀಶನ ಮಾತುಗಳೆಂದು ಪ್ರಬಂಧದಲ್ಲಿ ಬರುತ್ತವೆ. ಚಿತ್ರವನ್ನು ನೋಡಬೇಡಿರೆಂದು ಹೇಳುವುದು ವ್ಯರ್ಥ. ಅದನ್ನೂ ಒಂದು ಪಾಠಾಂತರವೆಂದು ಇಟ್ಟುಕೊಂಡು ಹೋಲಿಸಲು ಹೇಳುವುದು ಮೇಲು.

ಬರವಣಿಗೆಯ ಕ್ರಮವನ್ನು ಕುರಿತು ಸ್ವಲ್ಪ. ಎಂಟು ದಿನಗಳ ಅವಧಿಯನ್ನು ಕೊಟ್ಟರೆ ಮೊದಲ ನಾಲ್ಕು ದಿನಗಳಲ್ಲಿ ಪ್ರಬಂಧದ ಒಂದು ಸಾಲನ್ನೂ ಬರೆಯಗೊಡಬಾರದು. ಇಡೀ ಉಪಾಖ್ಯಾನವು ಮಕ್ಕಳಿಗೆ ಹೊರೆ. ತಂದೆಮಗನ ಭೇಟಿಯ ಸನ್ನಿವೇಶವೊಂದನ್ನೇ ಆರಿಸಿಕೊಳ್ಳಲಿ. ಹಾಳೆಯನ್ನು ನಡುವೆ ಮಡಿಸಿ ಎಡಬಲಗಳಲ್ಲಿ ಎರಡು ಕಾವ್ಯಗಳ ಅಂಶಗಳನ್ನು ಎದುರೆದುರಾಗಿ ಗುರುತಿಸಲಿ: ಮಗನು ಏನನ್ನು ತಂದನು, ತಂದೆಯ ಮೊದಲ ಮಾತು ಯಾವುದು, ತಾಯಿ ಎಲ್ಲಿದ್ದಾಳೆ, ಯುದ್ಧಕ್ಕೆ ಯಾರು ನೂಕಿದರು. ಒಂದು ಕಡೆ ಬರಿದಾಗಿ ಉಳಿದರೆ ಅದನ್ನು ತುಂಬಲು ಹೋಗಬಾರದು; ಆ ಬರಿದೇ ಹಲವು ವೇಳೆ ಮುಖ್ಯವಾದ ಸಂಗತಿ. ಅನಂತರ ಒಂದು ಕಾವ್ಯದ ಬಳಿಕ ಇನ್ನೊಂದೆಂದು ಬರೆಯದೆ, ಒಂದು ಅಂಶದ ಬಳಿಕ ಇನ್ನೊಂದು ಅಂಶವೆಂಬ ಕ್ರಮದಲ್ಲಿ, ಪ್ರತಿಯೊಂದು ಕಂಡಿಕೆಯಲ್ಲಿಯೂ ಎರಡು ಕಾವ್ಯಗಳು ಕಾಣುವಂತೆ ಬರೆಯಬೇಕು. ಕಡೆಯ ಕಂಡಿಕೆಯಲ್ಲಿ ಹೊಗಳಿಕೆಗೆ ಬದಲಾಗಿ ತನ್ನ ತೀರ್ಪನ್ನು ಕಾರಣದೊಡನೆ ಹೇಳಲಿ. ತೀರ್ಪು ಉಪಾಧ್ಯಾಯರದಕ್ಕೆ ವಿರುದ್ಧವಾಗಿದ್ದರೂ ಕಾರಣವು ಪದ್ಯದಲ್ಲಿಯೇ ಇದ್ದರೆ ಅಂಕಗಳನ್ನು ಕಡಿಯಬಾರದು.

ತರೀಕೆರೆ, ಅಜ್ಜಂಪುರ, ಬುಕ್ಕಾಂಬುಧಿಯ ಕಡೆಯ ಉಪಾಧ್ಯಾಯರಿಗೆ ಇನ್ನೊಂದು ಅನುಕೂಲವಿದೆ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಯಶೋಧರಚರಿತೆಯ ಜನ್ನ. ಅದರ ಮಂಟಪದ ಕೈಪಿಡಿಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣವನ್ನೂ ಉತ್ತರಕ್ಕೆ ಕೃಷ್ಣನ ಕಥೆಯನ್ನೂ ಭಾರತವನ್ನೂ ಶಿಲ್ಪಿಗಳು ಸಾಲಾಗಿ ಕಡೆದಿದ್ದಾರೆ. ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದೊಯ್ದು, ಯಾವ ಘಟನೆಗಳನ್ನು ಶಿಲ್ಪಿಯು ಆರಿಸಿಕೊಂಡನು, ಯಾವುದನ್ನು ಬಿಟ್ಟನು ಎಂಬುದನ್ನು ಅದೇ ಮಡಿಸಿದ ಹಾಳೆಯಲ್ಲಿ ಗುರುತುಮಾಡಿಸಬಹುದು. ದಕ್ಷಿಣದ ಸಾಲನ್ನು ಬಲದಿಂದ ಎಡಕ್ಕೆ ನೋಡಬೇಕೋ ಎಡದಿಂದ ಬಲಕ್ಕೆ ನೋಡಬೇಕೋ ಎಂಬುದನ್ನು ಮಾತ್ರ ಮೊದಲೇ ಹೇಳದೆ, ಅವರೇ ಕಥೆಯನ್ನು ಹಿಡಿದು ಕಂಡುಕೊಳ್ಳುವಂತೆ ಬಿಡತಕ್ಕದ್ದು.