ಉಜ್ಜಿದಷ್ಟೂ ತೆರಿಗೆ, ಕಳೆದರೆ ಕೇಳುವವರಿಲ್ಲ

ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ಒಂದು ಲಕ್ಷ ರೂಪಾಯಿಯ ಚಿನ್ನದ ಸರ ಕೊಳ್ಳುತ್ತೀರಿ ಎಂದುಕೊಳ್ಳಿ. ಬ್ಯಾಂಕಿನ ಡೆಬಿಟ್ ಕಾರ್ಡ್ ಉಜ್ಜಿದರೆ ಖಾತೆಯಿಂದ ಹಣ ಹೋಗುತ್ತದೆ, ವ್ಯವಹಾರ ಅಲ್ಲಿಗೆ ಮುಗಿಯಿತು. ಕ್ರಿಪ್ಟೊ ಕಾರ್ಡ್ ಉಜ್ಜಿದರೆ ಆಗುವುದೇ ಬೇರೆ. ಅಂಗಡಿಯವರ ಕೈಗೆ ಬಿಟ್‌ಕಾಯಿನ್ ಹೋಗುವುದಿಲ್ಲ. ಕಾರ್ಡ್ ಕಂಪನಿ ಅದನ್ನು ಆ ಕ್ಷಣದ ದರಕ್ಕೆ ಮಾರಿ, ಬಂದ ಹಣವನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ ಕಳಿಸುತ್ತದೆ. ಸರ ಕೊಂಡವರು ಗೊತ್ತಿಲ್ಲದೆಯೇ ಆಸ್ತಿಯೊಂದನ್ನು ಮಾರಿರುತ್ತಾರೆ. ಹೆಚ್ಚುವರಿ ಖರ್ಚೆಲ್ಲ ಹುಟ್ಟುವುದು ಈ ಮಾರಾಟದಿಂದಲೇ.

ಮೊದಲನೆಯದು ತೆರಿಗೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30ರಷ್ಟು ತೆರಿಗೆ, ಅದರ ಮೇಲೆ ಶೇ 4ರಷ್ಟು ಸೆಸ್. 50 ಸಾವಿರಕ್ಕೆ ಕೊಂಡ ಬಿಟ್‌ಕಾಯಿನ್ ಒಂದು ಲಕ್ಷವಾಗಿ, ಅದರಲ್ಲಿ ಸರ ಕೊಂಡರೆ, 50 ಸಾವಿರದ ಲಾಭಕ್ಕೆ 15,600 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು. ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಕಾರ್ಡಿನ ಶುಲ್ಕವನ್ನೂ ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಚಹಾ ಕುಡಿದು ಕಾರ್ಡ್ ಉಜ್ಜಿದರೂ ಅದೊಂದು ಮಾರಾಟವೇ. ಯಾವಾಗ ಕೊಂಡದ್ದು, ಎಷ್ಟಕ್ಕೆ ಕೊಂಡದ್ದು, ಎಷ್ಟಕ್ಕೆ ಮಾರಿದ್ದು ಎಂದು ರಿಟರ್ನ್ಸ್‌ನಲ್ಲಿ ತೋರಿಸಬೇಕು. ದಿನಬಳಕೆಯ ಕಾರ್ಡಿಗೆ ಈ ಲೆಕ್ಕ ಇಡುವುದು ಸಂಬಳದಾರರಿಗೆ ಆಗುವ ಮಾತಲ್ಲ.

ಇನ್ನು ಕಂಪನಿಯ ಪಾಲು. 2019ರಲ್ಲಿ ಬ್ರಿಟನ್ನಿನಲ್ಲಿ ಬಂದ ಕಾಯಿನ್‌ಬೇಸ್ ಕಾರ್ಡ್ ಕ್ರಿಪ್ಟೊವನ್ನು ಹಣವಾಗಿಸಲು ಶೇ 2.49ರಷ್ಟು ಶುಲ್ಕ ಹಾಕುತ್ತಿತ್ತು. ಆ ಲೆಕ್ಕದಲ್ಲಿ ನಮ್ಮ ಸರಕ್ಕೆ 2,490 ರೂಪಾಯಿ. ವಿದೇಶಿ ಕಾರ್ಡನ್ನು ಇಲ್ಲಿ ಬಳಸಿದರೆ ಕರೆನ್ಸಿ ಬದಲಾವಣೆಗೆ, ಎಟಿಎಂನಲ್ಲಿ ನಗದು ತೆಗೆದರೆ ಅದಕ್ಕೆ, ಮತ್ತೆ ಶುಲ್ಕ ಬೀಳಬಹುದು. ಪಕ್ಕದಲ್ಲೇ ಬ್ಯಾಂಕ್ ಖಾತೆಯ ಯುಪಿಐ ಇದೆ. ಅದಕ್ಕೆ 2020ರ ಜನವರಿಯಿಂದ ವ್ಯಾಪಾರಿಯೂ ಶುಲ್ಕ ಕೊಡಬೇಕಿಲ್ಲ.

ಜಾಹೀರಾತು ತೋರಿಸುವುದು ಕ್ಯಾಶ್‌ಬ್ಯಾಕನ್ನು. ಅದು ಬರುವುದು ಹಲವು ಸಲ ಕಂಪನಿಯದೇ ಟೋಕನ್ ರೂಪದಲ್ಲಿ, ಹೆಚ್ಚು ಬೇಕೆಂದರೆ ಆ ಟೋಕನನ್ನೇ ಕೊಂಡು ತಿಂಗಳುಗಟ್ಟಲೆ ಕಟ್ಟಿಡಬೇಕು. ಕ್ರಿಪ್ಟೊ.ಕಾಮ್ 2022ರ ಮೇನಲ್ಲಿ ಕ್ಯಾಶ್‌ಬ್ಯಾಕ್ ಕಡಿತ ಪ್ರಕಟಿಸಿದಾಗ ಅದರ ಟೋಕನ್ ಬೆಲೆಯೂ ಕುಸಿಯಿತು. ಕಟ್ಟಿಟ್ಟವರಿಗೆ ಎರಡು ಕಡೆಯಿಂದಲೂ ಪೆಟ್ಟು.

ಕಾರ್ಡೇ ಸತ್ತುಹೋಗುವುದೂ ಉಂಟು. 2018ರ ಜನವರಿಯಲ್ಲಿ ಜಿಬ್ರಾಲ್ಟರ್‌ನ ವೇವ್‌ಕ್ರೆಸ್ಟ್ ಸಂಸ್ಥೆಯ ಸದಸ್ಯತ್ವವನ್ನು ವೀಸಾ ರದ್ದು ಮಾಡಿದಾಗ ಅದರ ಮೂಲಕ ಹೊರಬಂದಿದ್ದ ಹಲವು ಬ್ರ್ಯಾಂಡ್‌ಗಳ ಕ್ರಿಪ್ಟೊ ಕಾರ್ಡ್‌ಗಳು ಒಮ್ಮೆಲೇ ನಿಂತವು. 2020ರ ಜೂನ್‌ನಲ್ಲಿ ಜರ್ಮನಿಯ ವೈರ್‌ಕಾರ್ಡ್ ಕುಸಿದಾಗಲೂ ಕೆಲವು ದಿನ ಅದೇ ಪಾಡು. ಕಾರ್ಡಿನ ಮೇಲಿನ ಹೆಸರು ಒಂದು, ಹಿಂದಿರುವ ಸಂಸ್ಥೆ ಇನ್ನೊಂದು. ಬಳಕೆದಾರರಿಗೆ ಅದು ತಿಳಿಯುವುದು ಅಂಗಡಿಯಲ್ಲಿ ಕಾರ್ಡ್ ನಡೆಯದಿದ್ದಾಗ.

ನನ್ನನ್ನು ಹೆಚ್ಚು ಕಾಡುವುದು ಶುಲ್ಕವಲ್ಲ, ಹೊಣೆಯ ಪ್ರಶ್ನೆ. 1906ರಲ್ಲಿ ಆರಂಭವಾದ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಎಟಿಎಂ ವ್ಯವಸ್ಥೆಗೆ 2018ರ ಆಗಸ್ಟ್‌ನಲ್ಲಿ ಹ್ಯಾಕರ್‌ಗಳು ನುಗ್ಗಿದರು. ನಕಲಿ ಕಾರ್ಡ್‌ಗಳಿಂದ 28 ದೇಶಗಳಲ್ಲಿ ಹಣ ತೆಗೆದರು. ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರದ ಎಟಿಎಂಗಳಲ್ಲೂ ತೆಗೆದರು. ಒಟ್ಟು ಹೋದದ್ದು ಸುಮಾರು 94 ಕೋಟಿ ರೂಪಾಯಿ. ಠೇವಣಿದಾರರ ಖಾತೆಗೆ ಮಾತ್ರ ಕೈ ಬೀಳಲಿಲ್ಲ, ನಷ್ಟವನ್ನು ಬ್ಯಾಂಕ್ ಹೊತ್ತಿತು. 2023ರಲ್ಲಿ ಪುಣೆಯ ನ್ಯಾಯಾಲಯ 11 ಮಂದಿಗೆ ಶಿಕ್ಷೆ ವಿಧಿಸಿತು.

2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ ಸುಮಾರು 2,000 ಕೋಟಿ ರೂಪಾಯಿಯ ಕ್ರಿಪ್ಟೊ ಕಳವಾಯಿತು. ಅಲ್ಲಿ ಹೊರೆ ಬಿದ್ದದ್ದು ಗ್ರಾಹಕರ ತಲೆಯ ಮೇಲೆ. ವರ್ಷಕ್ಕೂ ಹೆಚ್ಚು ಕಾಲ ಕ್ರಿಪ್ಟೊ ಹಿಂಪಡೆಯಲಾಗದೆ, ಅದರ ಮಾತೃಸಂಸ್ಥೆಯಿರುವ ಸಿಂಗಪುರದ ಕೋರ್ಟ್ ಏನು ಹೇಳುತ್ತದೆಂದು ಅವರು ಕಾದರು.

ಬ್ಯಾಂಕ್ ಕಾರ್ಡಿನಲ್ಲಿ ಹೊರಗಿನವರಿಂದ ವಂಚನೆಯಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ನಿಯಮ ಮಾಡಿದೆ. ಮೇಲೆ ಒಂಬುಡ್ಸ್‌ಮನ್ ಇದ್ದಾರೆ, 5 ಲಕ್ಷದವರೆಗೆ ಠೇವಣಿ ವಿಮೆಯಿದೆ. ಕ್ರಿಪ್ಟೊ ವಾಲೆಟ್‌ಗೆ ಈ ಯಾವ ರಕ್ಷಣೆಯೂ ಇಲ್ಲ. 2023ರಿಂದ ಎಕ್ಸ್‌ಚೇಂಜ್‌ಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಬೇಕಾಗಿದೆ ನಿಜ, ಆದರೆ ಅದು ಅಕ್ರಮ ಹಣ ತಡೆಯಲು. ಶೇ 30ರಷ್ಟು ತೆರಿಗೆ ಪಡೆಯುವ ಸರ್ಕಾರ ಹಣ ಕಳೆದುಕೊಂಡವರ ದೂರು ಕೇಳಲೂ ಒಂದು ವ್ಯವಸ್ಥೆ ಮಾಡಬೇಕು.

ಅಲ್ಲಿಯವರೆಗೆ, ಕ್ರಿಪ್ಟೊ ಇಟ್ಟುಕೊಂಡವರು ಖರ್ಚಿಗೆ ಬೇಕಾದಷ್ಟನ್ನು ನೋಂದಾಯಿತ ಎಕ್ಸ್‌ಚೇಂಜ್‌ನಲ್ಲಿ ಒಮ್ಮೆಲೇ ಮಾರಿ, ಹಣವನ್ನು ಬ್ಯಾಂಕ್ ಖಾತೆಗೆ ತಂದುಕೊಳ್ಳುವುದು ಲೇಸು. ಆಗ ಮಾರಾಟದ ಹಣದಿಂದ ಮೊದಲೇ ಕಡಿತವಾಗುವ ಶೇ 1ರ ತೆರಿಗೆ (ಟಿಡಿಎಸ್) ರಿಟರ್ನ್ಸ್‌ನಲ್ಲಿ ಜಮೆಯಾಗುತ್ತದೆ, ಲೆಕ್ಕವೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ.