ಸೈಟು ಹೋಯ್ತು, ರಸ್ತೆ ಬಂತು, ದುಡ್ಡು ಬರಲಿಲ್ಲ

ಕೆಂಗೇರಿ ಕಡೆಯಿಂದ ಮೈಸೂರು ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಬರುವವರಿಗೆ ನೈಸ್ ರಸ್ತೆ ಹೊಸದೇನಲ್ಲ. ಟೋಲ್ ಕಟ್ಟಿದರೆ ಗಾಡಿ ಮುಂದಕ್ಕೆ, ಇಲ್ಲದಿದ್ದರೆ ಇಲ್ಲ. ಅಲ್ಲಿ ಉದ್ರಿ ವ್ಯವಹಾರವಿಲ್ಲ. ಆದರೆ ಅದೇ ಯೋಜನೆಗೆ ಜಾಗ ಕಳೆದುಕೊಂಡ ಕೆಲವರ ಬಾಕಿ ಮಾತ್ರ ವರ್ಷಗಟ್ಟಲೆ ಉದ್ರಿ ಲೆಕ್ಕದಲ್ಲೇ ಉಳಿಯಿತು.

ಇವರೇನೂ ಜಮೀನ್ದಾರರಲ್ಲ. 1995ರಿಂದ 97ರೊಳಗೆ ಉತ್ತರಹಳ್ಳಿ ಹೋಬಳಿಯ ವಾಜರಹಳ್ಳಿ, ಗೊಟ್ಟಿಗೆರೆಗಳಲ್ಲಿ ಸೈಟು ಕೊಂಡವರು. 2003ರ ಜನವರಿಯಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನೋಟಿಫಿಕೇಷನ್ ಬಂತು. 2005ರ ನವೆಂಬರಿನಲ್ಲಿ ಜಾಗ ಕೈಬಿಟ್ಟು ಹೋಯಿತು. ಪರಿಹಾರ? ಕೋರ್ಟು ಅಲೆದು, ನ್ಯಾಯಾಂಗ ನಿಂದನೆಯ ನೋಟಿಸು ಹೋದ ಮೇಲೆ, 2019ರ ಏಪ್ರಿಲ್ 22ರಂದು ಭೂಸ್ವಾಧೀನಾಧಿಕಾರಿ ಐತೀರ್ಪು ಬರೆದರು. ಅದೂ 2011ರ ರೇಟಿನಲ್ಲಿ!

ಅಂಗಡಿಯಿಂದ ಸಾಮಾನು ಒಯ್ದ ಗಿರಾಕಿ ಹದಿಮೂರು ವರ್ಷ ಬಿಟ್ಟು ಬಂದು ಹಳೇ ರೇಟಿನಲ್ಲಿ ದುಡ್ಡು ಎಣಿಸಿದರೆ ಯಾವ ಸಾಹುಕಾರ ಸುಮ್ಮನಿರ್ತಾನೆ? ಗಿರಾಕಿ ಸರ್ಕಾರವಾದರೆ ಮಾತ್ರ ಸುಮ್ಮನಿರಬೇಕೇ?

ಕಾನೂನಿನ ಅಕ್ಷರ ಹಿಡಿದರೆ 2003ರ ಬೆಲೆಯೇ ಲೆಕ್ಕ. 2011ಕ್ಕೆ ತರುವ ಅಧಿಕಾರವೂ ಆ ಅಧಿಕಾರಿಗೆ ಇರಲಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಹಾಗೆಂದು ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. 2025ರ ಜನವರಿ 2ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ, ಕೆ.ವಿ. ವಿಶ್ವನಾಥನ್ ಅವರ ಪೀಠ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆ ಹಿಡಿದು ಎರಡು ತಿಂಗಳೊಳಗೆ ಹೊಸ ಐತೀರ್ಪು ಕೊಡಬೇಕೆಂದು ಆದೇಶಿಸಿತು. ಹೈಕೋರ್ಟಿನ ವಿಭಾಗೀಯ ಪೀಠದ ತೀರ್ಪು ರದ್ದಾಯಿತು. ದುಡ್ಡಿನ ಬೆಲೆ ದಿನೇ ದಿನೇ ಇಳಿಯುವಾಗ 2003ರ ರೇಟು ಕೊಡುವುದು ನ್ಯಾಯವಲ್ಲ ಎಂಬುದು ಪೀಠದ ಮಾತಿನ ತಿರುಳು.

ಆಸ್ತಿ ಹಕ್ಕೇ ಹೋಯ್ತಲ್ಲ ಸ್ವಾಮಿ, ಎನ್ನುವವರಿದ್ದಾರೆ. ಅರ್ಧ ನಿಜ. 1978ರ 44ನೇ ತಿದ್ದುಪಡಿ ಅದನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಆದರೆ 300ಎ ವಿಧಿಯನ್ನು ಸೇರಿಸಿತು: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಸೈಟುದಾರರ ಕೈ ಹಿಡಿದದ್ದು ಇದೇ.

ರಸ್ತೆ ಬೇಡ ಎಂದು ಯಾರೂ ಅನ್ನಲಿಲ್ಲ. ಸಾರ್ವಜನಿಕರ ಕೆಲಸಕ್ಕೆ ಜಾಗ ತಗೊಳ್ಳಲು ಸರ್ಕಾರಕ್ಕೆ ಅಧಿಕಾರ ಉಂಟು. ತಗೊಂಡ ಮೇಲೆ ದುಡ್ಡು ಕೊಡದೆ ಎಷ್ಟು ವರ್ಷ ಕೂರಬಹುದು ಎಂಬುದೇ ತಕರಾರು. ನೋಟಿಫಿಕೇಷನ್ ಆದ ಸೈಟಿನಲ್ಲಿ ಮನೆ ಕಟ್ಟುವಂತಿಲ್ಲ, ಪರಿಹಾರವಿಲ್ಲದೆ ಬೇರೆ ಕಡೆ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಅತ್ತ ಊರಿನ ಸುತ್ತ ಸೈಟಿನ ರೇಟು ಮಾತ್ರ ಯಾವ ಕೋರ್ಟಿಗೂ ಕಾಯದೆ ಏರುತ್ತಲೇ ಹೋಯಿತು.