ಯಾಂತ್ರಿಕ ಕೀಲಿಮಣೆ: ಹವ್ಯಾಸಿಗಳ ಒಲವು, ವರ್ತಕರ ಲೆಕ್ಕ

ಗಣಕಯಂತ್ರಕ್ಕೆ ಸಂಬಂಧಿಸಿದ ವೆಚ್ಚಗಳಲ್ಲಿ ವರ್ತಕರು ಅತ್ಯಂತ ಕಡಿಮೆ ಗಮನ ನೀಡುವ ವಸ್ತುವೆಂದರೆ ಕೀಲಿಮಣೆ. ಯಂತ್ರದ ಜೊತೆಗೆ ಬಂದದ್ದನ್ನೇ ಬಳಸುವುದು, ಅದು ಕೆಟ್ಟರೆ ಪೇಟೆಯಲ್ಲಿ ನಾನೂರು ಐನೂರು ರೂಪಾಯಿಗೆ ದೊರೆಯುವ ಇನ್ನೊಂದನ್ನು ತರಿಸುವುದು ರೂಢಿ. ಹೀಗಿರುವಾಗ ಒಂದೇ ಕೀಲಿಮಣೆಗೆ ಹತ್ತಿಪ್ಪತ್ತು ಸಾವಿರ ರೂಪಾಯಿ ವ್ಯಯಿಸಿ, ಅದರ ಬಿಡಿಭಾಗಗಳನ್ನು ಬೇರೆ ಬೇರೆ ದೇಶಗಳಿಂದ ತರಿಸಿಕೊಂಡು, ತಾವೇ ಕುಳಿತು ಜೋಡಿಸಿಕೊಳ್ಳುವ ಹವ್ಯಾಸಿಗಳು ಬೆಂಗಳೂರಿನಂತಹ ನಗರಗಳಲ್ಲಿ ಸಾಕಷ್ಟು ಸಂಖ್ಯೆಯಲ್ಲಿದ್ದಾರೆಂದರೆ ಮಲೆನಾಡಿನ ವ್ಯಾಪಾರಸ್ಥರಿಗೆ ಸೋಜಿಗವೆನಿಸಬಹುದು. ಆದರೆ ಈ ಹವ್ಯಾಸದ ಹಿಂದಿರುವ ವಸ್ತುವಿಚಾರವು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ಮಂಡಿಯ ಗುಮಾಸ್ತರಿಗೂ, ಮರಗೆತ್ತನೆಯ ಸಣ್ಣ ಉದ್ಯಮಿಗೂ ಸಂಬಂಧಪಟ್ಟದ್ದೇ ಆಗಿದೆ.

ಒಳಗಿನ ರಚನೆ

ಸಾಮಾನ್ಯ ಕೀಲಿಮಣೆಯ ಗುಂಡಿಗಳ ಕೆಳಗೆ ರಬ್ಬರಿನ ಒಂದೇ ಹಾಳೆ ಇರುತ್ತದೆ. ಪ್ರತಿ ಗುಂಡಿಯ ಕೆಳಗೂ ಆ ಹಾಳೆ ಗುಮ್ಮಟದಂತೆ ಉಬ್ಬಿರುತ್ತದೆ. ಗುಂಡಿ ಒತ್ತಿದಾಗ ಗುಮ್ಮಟ ಕುಸಿದು ಕೆಳಗಿನ ಪ್ಲಾಸ್ಟಿಕ್ ಪದರಗಳ ಮೇಲಿನ ವಾಹಕ ಗೆರೆಗಳನ್ನು ಕೂಡಿಸುತ್ತದೆ. ತಯಾರಿಕೆ ಸುಲಭ, ಬೆಲೆ ಅಗ್ಗ. ರಬ್ಬರು ಬಿರುಸಾದರೆ ಅಥವಾ ಪದರದ ಒಂದು ಗೆರೆ ಸವೆದರೆ ಇಡೀ ಕೀಲಿಮಣೆಯನ್ನೇ ಎಸೆಯಬೇಕಾಗುತ್ತದೆ.

ಯಾಂತ್ರಿಕ ಕೀಲಿಮಣೆಯಲ್ಲಿ ಹಾಗಲ್ಲ. ಪ್ರತಿಯೊಂದು ಗುಂಡಿಗೂ ಪ್ರತ್ಯೇಕ ಸ್ವಿಚ್ಚು, ಅದರೊಳಗೆ ಸ್ವಂತ ಸ್ಪ್ರಿಂಗು, ಮೇಲೆ ಕೆಳಗೆ ಚಲಿಸುವ ಒಂದು ದಂಡ, ಎರಡು ಲೋಹದ ಎಲೆಗಳು. ಜರ್ಮನಿಯ ಚೆರ್ರಿ ಕಂಪನಿಯು 1980ರ ದಶಕದಲ್ಲಿ ಹೊರತಂದ ಎಂಎಕ್ಸ್ ಎಂಬ ಸ್ವಿಚ್ಚು ಇದಕ್ಕೆ ಮಾದರಿಯಾಯಿತು. ಗುಂಡಿ ಒಟ್ಟು 4 ಮಿಲಿಮೀಟರು ಇಳಿಯುತ್ತದೆ. ಅದರ ಅರ್ಧದಲ್ಲಿಯೇ, ಸುಮಾರು 2 ಮಿಲಿಮೀಟರಿನಲ್ಲಿ, ಅಕ್ಷರ ಮೂಡುತ್ತದೆ. ತಳ ಮುಟ್ಟುವವರೆಗೆ ಒತ್ತುವ ಅಗತ್ಯವಿಲ್ಲದ ಕಾರಣ ಅಭ್ಯಾಸವಾದ ಬೆರಳಿಗೆ ಶ್ರಮ ಕಡಿಮೆ. ಸ್ವಿಚ್ಚುಗಳನ್ನು ಬಣ್ಣದಿಂದ ಗುರುತಿಸುವ ಪದ್ಧತಿ ಇದೆ. ಕೆಂಪು ಅಡೆತಡೆಯಿಲ್ಲದೆ ಇಳಿಯುತ್ತದೆ. ಕಂದು ನಡುವೆ ಒಂದು ಸಣ್ಣ ಉಬ್ಬಿನ ಅನುಭವ ನೀಡುತ್ತದೆ. ನೀಲಿ ಆ ಉಬ್ಬಿನ ಜೊತೆಗೆ ಟಕ್ ಎಂಬ ಸದ್ದನ್ನೂ ಮಾಡುತ್ತದೆ. ಬೆರಳಚ್ಚು ಯಂತ್ರದಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಪಾಸು ಮಾಡಿ ಬಂದ ಹಿರಿಯ ಗುಮಾಸ್ತರಿಗೆ ನೀಲಿಯೇ ಹಿಡಿಸುವುದು ಸಹಜ.

ಅದೇ ದಶಕದ ಇನ್ನೊಂದು ಕೀಲಿಮಣೆ ಅಮೆರಿಕದ ಐಬಿಎಂ ಕಂಪನಿಯ 1985ರ ಮಾಡೆಲ್ ಎಂ. ಅದರಲ್ಲಿ ಒತ್ತಿದ ಸ್ಪ್ರಿಂಗು ಒಂದು ಹಂತದಲ್ಲಿ ಥಟ್ಟನೆ ಬಾಗುತ್ತದೆ. ಆ ಬಾಗುವಿಕೆಯೇ ಬೆರಳಿಗೆ ಸೂಚನೆ. ನಲವತ್ತು ವರ್ಷ ಹಳೆಯ ಆ ಕೀಲಿಮಣೆಗಳನ್ನು ಇಂದಿಗೂ ತೊಳೆದು, ಒರೆಸಿ, ಬಳಸುವವರಿದ್ದಾರೆ. ಹವ್ಯಾಸದ ಬೇರು ಅಲ್ಲಿದೆ.

ಲೆಕ್ಕ ಬರೆಯುವವರ ಕೀಲಿಮಣೆ

ಭಾರತದಲ್ಲಿ ಈ ವಸ್ತುವನ್ನು ಮೊದಲು ಮೆಚ್ಚಿದವರು ಹವ್ಯಾಸಿಗಳಲ್ಲ, ಲೆಕ್ಕ ಬರೆಯುವವರು. ಟಿವಿಎಸ್ ಎಲೆಕ್ಟ್ರಾನಿಕ್ಸ್ ಕಂಪನಿಯ ‘ಗೋಲ್ಡ್’ ಕೀಲಿಮಣೆ ಬ್ಯಾಂಕು, ರೈಲ್ವೆ ಮುಂಗಡ ಕಾಯ್ದಿರಿಸುವಿಕೆ, ತೆರಿಗೆ ಸಲಹೆಗಾರರ ಕಛೇರಿ, ಔಷಧಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಸದ್ದು ಮಾಡಿದೆ. ನೀಲಿ ಸ್ವಿಚ್ಚು ಅದರ ಗುರುತು. ರೂಪಾಯಿಯ ಚಿಹ್ನೆಯನ್ನು ಕೇಂದ್ರ ಸರ್ಕಾರ 2010ರ ಜುಲೈ 15ರಂದು ಅಂಗೀಕರಿಸಿದ ಕೆಲವೇ ತಿಂಗಳಲ್ಲಿ ಆ ಚಿಹ್ನೆಯುಳ್ಳ ‘ಗೋಲ್ಡ್ ಭಾರತ್’ ಮಾರುಕಟ್ಟೆಗೆ ಬಂದಿತು. ಇಂದಿನ ಯುವ ಹವ್ಯಾಸಿಗಳಲ್ಲಿ ಅನೇಕರ ಮೊದಲ ಯಾಂತ್ರಿಕ ಕೀಲಿಮಣೆಯೂ ಇದೇ.

ಇದಕ್ಕೆ ಒಂದು ಕಾರಣ ತಂತ್ರಾಂಶದಲ್ಲಿಯೂ ಇದೆ. 1986ರಲ್ಲಿ ಆರಂಭವಾದ, ಬೆಂಗಳೂರಿನ ಟ್ಯಾಲಿ ಮೌಸ್ ಬೇಡದೆ ನಡೆಯುವಂತೆ ರೂಪಿತವಾದದ್ದು. ಎಫ್5 ಪಾವತಿ, ಎಫ್6 ಸ್ವೀಕೃತಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಉಳಿದದ್ದೆಲ್ಲ ಬಲಬದಿಯ ಅಂಕಿಗಳ ಫಲಕದಲ್ಲಿ. ರಾಶಿ, ಚಾಲಿ, ಕೆಂಪುಗೋಟು, ಸಿಪ್ಪೆಗೋಟು ಎಂದು ಹತ್ತಾರು ಬಗೆಯ ಮಾಲು ಬರುವ ಸುಗ್ಗಿಯ ದಿನಗಳಲ್ಲಿ ಗುಮಾಸ್ತರ ಬಲಗೈ ಆ ಹದಿನೇಳು ಗುಂಡಿಗಳನ್ನು ಬಿಟ್ಟು ಏಳುವುದೇ ಇಲ್ಲ.

ಆಯುಷ್ಯದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಸರ್ಕಾರಿ ನೇಮಕಾತಿಯ ದತ್ತಾಂಶ ನಮೂದು ಪರೀಕ್ಷೆಗಳಲ್ಲಿ ಗಂಟೆಗೆ 8,000 ಒತ್ತುಗಳ ವೇಗವನ್ನು ಕೇಳುವುದುಂಟು. ಆ ವೇಗದಲ್ಲಿ ದಿನಕ್ಕೆ ಐದು ಗಂಟೆ, ವರ್ಷಕ್ಕೆ 300 ದಿನ ದುಡಿದರೆ ಒಟ್ಟು 1 ಕೋಟಿ 20 ಲಕ್ಷ ಒತ್ತುಗಳಾದವು. ಸೊನ್ನೆಯ ಗುಂಡಿಗೆ ಅದರ ಹತ್ತನೆಯ ಒಂದು ಭಾಗ ಬಿದ್ದರೂ 12 ಲಕ್ಷ. ರಬ್ಬರಿನ ಗುಂಡಿಗೆ ತಯಾರಕರು ಹೇಳುವ ಆಯುಷ್ಯ ಸಾಮಾನ್ಯವಾಗಿ 50 ಲಕ್ಷದಿಂದ 1 ಕೋಟಿ ಒತ್ತು; ಅಂದರೆ ನಾಲ್ಕರಿಂದ ಎಂಟು ವರ್ಷ. ಯಾಂತ್ರಿಕ ಸ್ವಿಚ್ಚಿಗೆ 5 ಕೋಟಿ; ಅಂದರೆ ನಲವತ್ತು ವರ್ಷಕ್ಕೂ ಮೇಲೆ. ಇದು ತಯಾರಕರ ಪ್ರಯೋಗಾಲಯದ ಅಂಕಿ ಎಂಬುದನ್ನು ಮರೆಯಬಾರದು. ಪ್ರಯೋಗಾಲಯದಲ್ಲಿ ಅಡಿಕೆಯ ಧೂಳೂ ಇಲ್ಲ, ಆಷಾಢದ ಥಂಡಿಯೂ ಇಲ್ಲ.

ಮಂಡಿಯವರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಸ್ವಿಚ್ಚಿನ ಲೋಹದ ಎಲೆಗಳ ನಡುವೆ ಧೂಳು ಕುಳಿತರೆ ಅಥವಾ ತೇವದಿಂದ ಕಿಲುಬು ಹಿಡಿದರೆ ಗುಂಡಿ ತೊದಲುತ್ತದೆ. ಒಮ್ಮೆ ಒತ್ತಿದರೆ ಎರಡು ಬಾರಿ ಮೂಡುತ್ತದೆ. ಪತ್ರ ಬರೆಯುವಾಗ ಇದು ಕಣ್ಣಿಗೆ ಬೀಳುತ್ತದೆ. ಲೆಕ್ಕದಲ್ಲಿ 500 ಎಂಬುದು 5500 ಆದರೆ ತಾಳೆ ನೋಡುವವರೆಗೂ ತಿಳಿಯುವುದಿಲ್ಲ, ಖಾತೆದಾರರಿಗೆ ಪಾವತಿಯೂ ಆಗಿಬಿಟ್ಟಿರಬಹುದು. ಆದುದರಿಂದ ರಾತ್ರಿ ಬಟ್ಟೆ ಹೊದಿಸುವುದು, ತಿಂಗಳಿಗೊಮ್ಮೆ ಗುಂಡಿಗಳ ಟೋಪಿ ತೆಗೆದು ಕುಂಚದಿಂದ ಒರೆಸುವುದು ಅವಶ್ಯ. ತೊದಲಿದ ಸ್ವಿಚ್ಚನ್ನು ಮಾತ್ರ ಬದಲಿಸಬಹುದೆಂಬುದೇ ಯಾಂತ್ರಿಕ ಕೀಲಿಮಣೆಯ ನಿಜವಾದ ಲಾಭ. ಹಳೆಯ ಮಾದರಿಗಳಲ್ಲಿ ಬೆಸುಗೆ ಬಿಡಿಸಬೇಕು. ರೇಡಿಯೋ ರಿಪೇರಿ ಬಲ್ಲವರಿಗೆ ಅದು ಹತ್ತು ನಿಮಿಷದ ಕೆಲಸ. ಹೊಸ ಮಾದರಿಗಳಲ್ಲಿ ಚಿಮಟದಿಂದ ಕಿತ್ತು ಇನ್ನೊಂದನ್ನು ಕೂರಿಸಿದರಾಯಿತು.

ಹವ್ಯಾಸಿಗಳು ಮಾಡುವುದೇನು

ಚೆರ್ರಿಯ ಮೂಲ ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದ ಗೇಟರಾನ್, ಕೈಲ್ ಮೊದಲಾದ ಕಂಪನಿಗಳು ಅದೇ ಅಳತೆಯ ಸ್ವಿಚ್ಚುಗಳನ್ನು ಅಗ್ಗವಾಗಿ ತಯಾರಿಸತೊಡಗಿದವು. ಅಳತೆ ಒಂದೇ ಆದ್ದರಿಂದ ಒಬ್ಬರ ಸ್ವಿಚ್ಚು, ಇನ್ನೊಬ್ಬರ ಟೋಪಿ, ಮತ್ತೊಬ್ಬರ ಲೋಹದ ಪೆಟ್ಟಿಗೆ ಪರಸ್ಪರ ಕೂಡುತ್ತವೆ. ಹವ್ಯಾಸ ವ್ಯಾಪಾರವಾಗಿ ಬೆಳೆಯಲು ಈ ಸಮಾನ ಅಳತೆಯೇ ಆಧಾರ. ಹವ್ಯಾಸಿಗಳು ಸ್ವಿಚ್ಚನ್ನು ಬಿಚ್ಚಿ ಒಳಗೆ ತೆಳುವಾಗಿ ಗ್ರೀಸ್ ಸವರುತ್ತಾರೆ, ಸ್ಪ್ರಿಂಗು ಬದಲಿಸುತ್ತಾರೆ, ಪೆಟ್ಟಿಗೆಯೊಳಗೆ ಸ್ಪಂಜು ತುಂಬಿ ಸದ್ದನ್ನು ಹದಗೊಳಿಸುತ್ತಾರೆ. ವೀಣೆಯ ಮೆಟ್ಟಿಲಿಗೆ ಮೇಣ ಹದ ಮಾಡುವವರ ತಾಳ್ಮೆ ಇವರದು. ಅಂಕಿ ಫಲಕವಿಲ್ಲದ 61 ಗುಂಡಿಗಳ ಪುಟ್ಟ ಕೀಲಿಮಣೆ ಅವರಿಗೆ ಪ್ರಿಯ. ವರ್ತಕರಿಗೆ ಅದು ನಿರುಪಯುಕ್ತ. ಕೊಳ್ಳುವವರು 104 ಗುಂಡಿಗಳ ಪೂರ್ಣ ಅಳತೆಯದನ್ನೇ ಕೇಳಿ ಪಡೆಯತಕ್ಕದ್ದು.

ಅವರಿಂದ ಕಲಿಯತಕ್ಕ ಒಂದು ಸಂಗತಿ ಇದೆ. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶವನ್ನು ಅಳವಡಿಸಬಲ್ಲ ಕೀಲಿಮಣೆಗಳಲ್ಲಿ ಯಾವ ಗುಂಡಿಗೆ ಯಾವ ಕೆಲಸ ಎಂಬುದನ್ನು ಬಳಕೆದಾರರೇ ನಿರ್ಧರಿಸಬಹುದು. ಟ್ಯಾಲಿಯಲ್ಲಿ ನಮೂದನ್ನು ಒಪ್ಪಿಸುವ ಕಂಟ್ರೋಲ್ ಮತ್ತು ಎ ಜೋಡಿಯನ್ನು ಅಂಕಿ ಫಲಕದ ಪಕ್ಕದ ಒಂದೇ ಗುಂಡಿಗೆ ಇಟ್ಟುಕೊಂಡರೆ ಎಡಗೈಯ ಅರ್ಧ ಓಡಾಟ ಉಳಿಯುತ್ತದೆ.

ಕನ್ನಡದ ಮಾತೂ ಇಲ್ಲಿ ಬರುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಕಛೇರಿಗಳಲ್ಲಿ ಬಳಕೆಗೆ ಬಂದ ವಿನ್ಯಾಸವು ಇಂಗ್ಲಿಷ್ ಗುಂಡಿಗಳ ಮೇಲೆಯೇ ಕುಳಿತುಕೊಳ್ಳುವಂತಹದು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಇದಕ್ಕೆಂದು ಪ್ರತ್ಯೇಕ ಯಂತ್ರ ಬೇಕಿಲ್ಲ. ಯಾವ ಯಾಂತ್ರಿಕ ಕೀಲಿಮಣೆಯಾದರೂ ಸರಿ. ಕನ್ನಡ ಅಕ್ಷರ ಮೂಡಿಸಿದ ಟೋಪಿಗಳು ಮಾತ್ರ ಅಂಗಡಿಗಳಲ್ಲಿ ಸಿಗುವುದು ವಿರಳ.

ಮುಂಗಡ ಹಣದ ವ್ಯವಹಾರ

ಈ ಸಮುದಾಯದ ವಿಶಿಷ್ಟ ಪದ್ಧತಿ ಗುಂಪು ಖರೀದಿ. ಒಬ್ಬ ವಿನ್ಯಾಸಕಾರ ಚಿತ್ರ ಮಾತ್ರ ತೋರಿಸುತ್ತಾನೆ. ಆಸಕ್ತರು ಪೂರ್ಣ ಹಣವನ್ನು ಮುಂಗಡವಾಗಿ ಕೊಡುತ್ತಾರೆ. ಕನಿಷ್ಠ ಸಂಖ್ಯೆ ತುಂಬಿದ ಮೇಲೆ ಕಾರ್ಖಾನೆಗೆ ಆದೇಶ ಹೋಗುತ್ತದೆ. ಮಾಲು ಕೈಸೇರುವಾಗ ಒಂದು ವರ್ಷವೂ ಕಳೆದಿರಬಹುದು. ದಾಸ್ತಾನಿನ ಭಯವಿಲ್ಲದ ವ್ಯಾಪಾರವೆಂದು ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ ಬಂದ ಮುಂಗಡ ಆದಾಯವಲ್ಲ, ಹೊಣೆ. ಮಾಲು ಒಪ್ಪಿಸುವವರೆಗೆ ಅದು ಆಸ್ತಿ ಹೊಣೆ ಪಟ್ಟಿಯ ಹೊಣೆಯ ಬದಿಯಲ್ಲಿಯೇ ಇರತಕ್ಕದ್ದು. 2020-21ರ ಸಾಂಕ್ರಾಮಿಕದ ಕಾಲದಲ್ಲಿ ಮನೆಯಲ್ಲೇ ಕುಳಿತ ಜನರಿಂದ ಬೇಡಿಕೆ ಏರಿತು. ಏರಿಕೆ ಇಳಿದಾಗ, ಹೊಸ ಗುಂಪಿನ ಹಣದಿಂದ ಹಳೆಯ ಗುಂಪಿನ ಮಾಲು ತರಿಸುತ್ತಿದ್ದ ಕೆಲವು ವಿದೇಶಿ ಮಾರಾಟಗಾರರು ಬಾಗಿಲು ಮುಚ್ಚಿದರು, ಗ್ರಾಹಕರ ಹಣ ಮುಳುಗಿತು. ಚೀಟಿ ವ್ಯವಹಾರ ಕಂಡವರಿಗೆ ಇದು ಹೊಸ ಕಥೆಯೇನಲ್ಲ.

ಜಿಎಸ್‌ಟಿ ದೃಷ್ಟಿಯಿಂದ ಎರಡು ಅಂಶ. ಸರಕಿನ ಪೂರೈಕೆಗೆ ಪಡೆದ ಮುಂಗಡದ ಮೇಲೆ 2017ರ ನವೆಂಬರ್ 15ರಿಂದ ತೆರಿಗೆ ಕಟ್ಟಬೇಕಾಗಿಲ್ಲ. ಬಿಲ್ಲು ಮಾಡಿದಾಗ ಕಟ್ಟಬೇಕು. ಕೊಳ್ಳುವವರು ನೋಂದಾಯಿತ ವರ್ತಕರಾಗಿದ್ದರೆ, ಹಣ ಕೊಟ್ಟ ಮಾತ್ರಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯದು, ಸರಕು ಕೈಸೇರಿರಬೇಕು.

ಕಛೇರಿಗೆ ಕೊಂಡ ಕೀಲಿಮಣೆಯ ವೆಚ್ಚವನ್ನು ಹೇಗೆ ತೋರಿಸಬೇಕೆಂಬ ಪ್ರಶ್ನೆಯೂ ಆಗಾಗ ಏಳುತ್ತದೆ. ಹಳೆಯದು ಕೆಟ್ಟು ಬದಲಿಗೆ ತಂದದ್ದಾದರೆ ದುರಸ್ತಿಯ ಬಾಬು. ಹೊಸ ಗಣಕಯಂತ್ರದ ಜೊತೆ ಕೊಂಡಿದ್ದರೆ ಅದರ ಭಾಗವಾಗಿಯೇ ಶೇ. 40ರ ಸವಕಳಿ. ಮುದ್ರಕ, ಸ್ಕ್ಯಾನರ್ ಮುಂತಾದ ಉಪಕರಣಗಳು ಗಣಕಯಂತ್ರದ ಅವಿಭಾಜ್ಯ ಅಂಗವೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ಬಿಎಸ್‌ಇಎಸ್ ರಾಜಧಾನಿ ಪ್ರಕರಣದಲ್ಲಿ ಒಪ್ಪಿದೆ.

ಸಾಗರದ ಮರಕ್ಕೆ ಇಲ್ಲಿ ಸ್ಥಳವಿದೆಯೇ

ಹವ್ಯಾಸಿಗಳು ಹೆಚ್ಚಿನ ಬೆಲೆ ಕೊಡುವುದು ಕೈಯಿಂದ ಮಾಡಿದ ಬಿಡಿ ಟೋಪಿಗೆ, ಮರದ ಪೆಟ್ಟಿಗೆಗೆ, ಮಣಿಕಟ್ಟಿಗೆ ಆಸರೆಯಾಗುವ ಪಟ್ಟಿಗೆ. ವಿದೇಶಗಳಲ್ಲಿ ಒಂದೇ ಒಂದು ಅಲಂಕೃತ ಟೋಪಿ ಸಾವಿರಾರು ರೂಪಾಯಿಗೆ ಮಾರಾಟವಾಗುವುದುಂಟು. ಸಾಗರ, ಸೊರಬಗಳ ಗುಡಿಗಾರರ ಕೆತ್ತನೆಗೆ ಹೋಲಿಸಿದರೆ ಅಂತಹ ಅನೇಕ ಟೋಪಿಗಳ ಕೆಲಸ ಸಾಧಾರಣದ್ದು.

ಆದರೆ ಅಳತೆ ಕಠಿಣ. ಗುಂಡಿಯಿಂದ ಗುಂಡಿಗೆ ಅಂತರ 19.05 ಮಿಲಿಮೀಟರು, ಟೋಪಿಯ ಅಗಲ ಸುಮಾರು 18. ಕೆಳಗಿನ ಕೂಡಿಕೆ 4 ಮಿಲಿಮೀಟರಿನ ಕೂಡುಚಿಹ್ನೆಯ ಆಕಾರದ ರಂಧ್ರ. ಕೂದಲೆಳೆ ಬಿಗಿಯಾದರೆ ಮರ ಸೀಳುತ್ತದೆ, ಸಡಿಲವಾದರೆ ಟೋಪಿ ಕಳಚುತ್ತದೆ. ಮಳೆಗಾಲದಲ್ಲಿ ಊದಿ ಬೇಸಿಗೆಯಲ್ಲಿ ಕುಗ್ಗುವ ಮರದಲ್ಲಿ ನೇರವಾಗಿ ಆ ರಂಧ್ರ ಕೊರೆಯುವುದು ಬುದ್ಧಿವಂತಿಕೆಯಲ್ಲ. ಪ್ಲಾಸ್ಟಿಕ್ಕಿನ ಕೂಡಿಕೆಯನ್ನು ಮರದೊಳಗೆ ಅಂಟಿಸುವುದು ಮೇಲು. ಮರವನ್ನು ಚೆನ್ನಾಗಿ ಹದಗೊಳಿಸಿರಬೇಕು. ಗುಡಿಗಾರರಿಗೆ ಪರಿಚಿತವಾದ ಶಿವನೆ, ಇಲ್ಲವೇ ಹಲಸು, ಸಾಗುವಾನಿ ಅನುಕೂಲ. ಬೀಟೆ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಸಿದ್ಧವಸ್ತುಗಳಿಗೆ ತೂಕದ ಮಿತಿಯೊಳಗೆ ವಿನಾಯಿತಿ ಇದ್ದರೂ ರಫ್ತಿಗೆ ಮೊದಲು ಕಾಗದಪತ್ರ ಸರಿಯಿರಬೇಕು. ಮಣಿಕಟ್ಟಿನ ಪಟ್ಟಿಗೆ ಈ ತೊಡಕುಗಳಾವುವೂ ಇಲ್ಲ. ಆರಂಭಿಸುವವರು ಅದರಿಂದಲೇ ಆರಂಭಿಸುವುದು ಲೇಸು.

ಸಾಗಾಣಿಕೆ ಮೊದಲಿನಷ್ಟು ತೊಡಕಿನದಲ್ಲ. ಹೊಳೆಬಾಗಿಲಿನಿಂದಾಚೆಯ ತುಮರಿ ಸೀಮೆಗೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಪಾರ್ಸೆಲು ಹೊತ್ತ ವಾಹನ ಲಾಂಚಿನ ವೇಳೆ ನೋಡಿ ಕಾಯಬೇಕಾಗಿಲ್ಲ. ಅಂಚೆ ಇಲಾಖೆಯ ನಿರ್ಯಾತ ಕೇಂದ್ರಗಳ ಮೂಲಕ ಸಣ್ಣ ಪಾರ್ಸೆಲುಗಳನ್ನು ರಫ್ತು ಮಾಡಬಹುದು. ಆಮದು-ರಫ್ತು ಸಂಕೇತ ಸಂಖ್ಯೆ ಪಡೆದಿರಬೇಕು. ಅಮೆರಿಕಕ್ಕೆ ಕಳುಹಿಸುವವರು ಮಾತ್ರ, 800 ಡಾಲರುವರೆಗಿನ ಪಾರ್ಸೆಲುಗಳಿಗೆ ಅಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ರದ್ದಾಗಿರುವುದನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬೇಕು.

ಇನ್ನು ತೆರಿಗೆಯ ವರ್ಗೀಕರಣ. ಕೆತ್ತನೆಯ ಮರದ ಅಲಂಕಾರಿಕ ವಸ್ತುಗಳು 4420ರ ಶೀರ್ಷಿಕೆಯಡಿ ಬರುತ್ತವೆ. ಅವುಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಮರದ ಟೋಪಿಗೂ ಇದೇ ದರವೆಂದು ಭಾವಿಸಿ ಬಿಲ್ಲು ಮಾಡಿದರೆ ಅಪಾಯ. ಯಂತ್ರಭಾಗಗಳನ್ನು 44ನೆಯ ಅಧ್ಯಾಯದ ಟಿಪ್ಪಣಿಯೇ ಹೊರಗಿಟ್ಟಿದೆ. ಕೀಲಿಮಣೆಗೆಂದೇ ಮಾಡಿದ ಭಾಗವು, ಅದು ಮರದ್ದಾದರೂ, 8473ರಡಿ ಶೇ. 18ಕ್ಕೆ ಒಳಪಡುವ ಸಂಭವವೇ ಹೆಚ್ಚು. ನೂರು ರೂಪಾಯಿಗೆ ಹದಿಮೂರು ರೂಪಾಯಿ ವ್ಯತ್ಯಾಸ. ಮೂರು ವರ್ಷದ ನಂತರ ನೋಟೀಸು ಬಂದಾಗ ಗ್ರಾಹಕರಿಂದ ವಸೂಲಿ ಮಾಡಲಾಗದು, ಕೈಯಿಂದಲೇ ತೆರಬೇಕು, ಬಡ್ಡಿಯೂ ಸೇರಿ.

ನೋಂದಣಿಯ ಮಾತೂ ಇದರ ಮೇಲೆಯೇ ನಿಂತಿದೆ. ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ಹೊರರಾಜ್ಯಕ್ಕೆ ಮಾರುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿಯಿಂದ ವಿನಾಯಿತಿ ಇದೆ. ಟೋಪಿಯು ಯಂತ್ರಭಾಗವೆಂದಾದರೆ ಆ ವಿನಾಯಿತಿ ತಪ್ಪಿ, ಮುಂಬಯಿಗೆ ಮಾರಿದ ಮೊದಲ ಟೋಪಿಗೇ ನೋಂದಣಿ ಬೇಕಾಗುತ್ತದೆ. ಅಂತರ್ಜಾಲ ಮಾರುಕಟ್ಟೆಗಳ ಮೂಲಕ ನೋಂದಣಿಯಿಲ್ಲದೆ ಮಾರಲು 2023ರ ಅಕ್ಟೋಬರ್ 1ರಿಂದ ದೊರೆತಿರುವ ಅವಕಾಶವೂ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಬಂಡವಾಳ ಹೂಡುವ ಮುನ್ನ ಸ್ಪಷ್ಟತೆ ಬಯಸುವವರು ವಸ್ತುವಿನ ಮಾದರಿ ಹಾಗೂ ವಿವರಣೆಯೊಡನೆ ಬೆಂಗಳೂರಿನ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ನೋಂದಣಿ ಇಲ್ಲದವರೂ, ಪಡೆಯುವ ಇಚ್ಛೆಯಿದ್ದರೆ, ಈ ಅರ್ಜಿ ಸಲ್ಲಿಸಲು ಅರ್ಹರು.